ಲಿಂಡನ್ ಮರಕ್ಕೆ ಬಂದ ಜೇನು

“ಹಿಂದೆ ಸರೀರಿ! ಯಾರೂ ಮರದ ಹತ್ರ ಹೋಗ್ಬೇಡಿ!” ಟೀಚರ್ ಕೂಗಿದರು.

ಶಾಲೆಯ ಮೈದಾನದಲ್ಲಿದ್ದ ಲಿಂಡನ್ ಮರದ ಕೊಂಬೆಗೆ ಜೇನುಹುಳಗಳ ದೊಡ್ಡ ಗೊಂಚಲು ಜೋತುಬಿದ್ದಿತ್ತು.

“ಏ ಬ್ರಿನಾ, ನಿಮ್ಮನೆ ಕೆಲಸದವ್ರು ಬಂದಿದಾರೆ ನೋಡೇ!” ಅವಳ ತರಗತಿಯ ತಿಲೆನ್ ನಕ್ಕ. “ನಿಮ್ಮಮ್ಮಂದು ಮಜಾ ಕಣೇ. ಹುಳ ದುಡಿಯುತ್ತೆ, ಅವರು ಸುಮ್ನೆ ಕೂತು ದುಡ್ಡು ಮಾಡ್ತಾರೆ.”

ಬ್ರಿನಾಳ ಕಿವಿ ಬಿಸಿಯಾಯಿತು. ಅವಳ ಅಮ್ಮ ಯೆರ್ನೇಯಾ ಆಸ್ಪತ್ರೆಯಲ್ಲಿ ನರ್ಸ್. ಹೊಳೆಯಾಚೆ ಅಮ್ಮನ ಹನ್ನೆರಡು ಜೇನುಪೆಟ್ಟಿಗೆಗಳಿದ್ದವು. ಸಂಬಳದಲ್ಲಿ ಮನೆ ನಡೆಯುತ್ತಿತ್ತು. ಬ್ರಿನಾಳ ಪಿಟೀಲು ಪಾಠ, ಚಳಿಗಾಲದ ಬೂಟು ಎಲ್ಲ ಜೇನು ಮಾರಿದ್ದರಲ್ಲಿ ಬರುತ್ತಿದ್ದವು. ಅದು ಸುಲಭದ ದುಡ್ಡು ಅಂತ ಬ್ರಿನಾಳೂ ಅಂದುಕೊಂಡಿದ್ದಳು.

ಅಷ್ಟರಲ್ಲಿ ಶಾಲೆಯ ಕಾವಲುಗಾರ ಸ್ರೆಚ್ಕೊ ಮಾಮ ಹುಳ ಸಾಯಿಸುವ ಸ್ಪ್ರೇ ಹಿಡಿದು ಬಂದ.

ಬ್ರಿನಾ ಬಾಯಿ ಮುಚ್ಚಿಕೊಂಡಿದ್ದರೆ ತಿಲೆನ್ ಮತ್ತೆ ನಗುತ್ತಿರಲಿಲ್ಲ. ಆದರೆ ಅವಳ ಕಾಲು ಆಗಲೇ ಓಡಿತ್ತು. ಅವಳು ಮಾಮನಿಗೆ ಅಡ್ಡ ನಿಂತಳು.

“ಬೇಡ ಮಾಮ! ಅವು ನಮ್ಮವೇ. ಅಮ್ಮಂಗೆ ಫೋನ್ ಮಾಡಿ.”

“ಯಾರಿಗಾದ್ರೂ ಕಚ್ಚಿದ್ರೆ ನೀನು ನೋಡ್ಕೋತೀಯಾ?”

“ಹೊಸ ಮನೆ ಹುಡುಕ್ತಾ ಇವೆ, ಅಷ್ಟೇ. ತಂಟೆಗೆ ಹೋಗದಿದ್ರೆ ಏನೂ ಮಾಡಲ್ಲ. ಪ್ಲೀಸ್ ಮಾಮ!”

ಮಾಮ ಸ್ಪ್ರೇ ಕೆಳಗಿಳಿಸಿದ. ಟೀಚರ್ ಫೋನ್ ಮಾಡಿದರು.

ಸ್ವಲ್ಪ ಹೊತ್ತಿಗೆ ಅಮ್ಮ ನರ್ಸ್ ಬಟ್ಟೆಯಲ್ಲೇ ಬಂದಳು. ಒಂದು ಕೈಯಲ್ಲಿ ಮರದ ಪೆಟ್ಟಿಗೆ, ಇನ್ನೊಂದರಲ್ಲಿ ಬಲೆಯ ಟೋಪಿ.

“ಸ್ರೆಚ್ಕೊ, ಏಣಿ ಗಟ್ಟಿಯಾಗಿ ಹಿಡ್ಕೋಪ್ಪಾ. ನಾನು ಬಿದ್ರೆ ನಿನ್ನ ಮೇಲೇ ಬೀಳ್ತೀನಿ!”

ಮಕ್ಕಳೆಲ್ಲ ತರಗತಿಯೊಳಗೆ ಹೋಗಿ ಕಿಟಕಿಯ ಹಿಂದೆ ಸಾಲಾಗಿ ನಿಂತರು. ಅಮ್ಮ ಏಣಿ ಹತ್ತಿ, ಗೊಂಚಲಿನ ಕೆಳಗೆ ಪೆಟ್ಟಿಗೆ ಹಿಡಿದು ಕೊಂಬೆಯನ್ನು ಜೋರಾಗಿ ಅಲುಗಾಡಿಸಿದಳು. ಗೊಂಚಲು ದೊಪ್ಪನೆ ಒಳಗೆ ಬಿತ್ತು. ಆದರೆ ಸ್ವಲ್ಪ ಹೊತ್ತಿನಲ್ಲೇ ಹುಳಗಳು ಒಂದೊಂದಾಗಿ ಕೊಂಬೆಗೆ ವಾಪಸಾದವು.

“ಅಯ್ಯೋ! ಯಾಕೆ?” ತಿಲೆನ್ ಕೇಳಿದ.

“ರಾಣಿಹುಳ ಇನ್ನೂ ಮೇಲೇ ಇದೆ. ಅದಿರೋ ಕಡೆಗೇ ಎಲ್ಲ ಹೋಗ್ತವೆ,” ಬ್ರಿನಾ ಪಿಸುಗುಟ್ಟಿದಳು.

ಅಮ್ಮ ಗೊಣಗಲಿಲ್ಲ. ಮತ್ತೆ ಏಣಿ ಹತ್ತಿದಳು. ಈ ಸಲ ಕೊಂಬೆಯನ್ನು ಬರಿಗೈಯಲ್ಲಿ ಮೆಲ್ಲಗೆ ಸವರಿ ರಾಣಿಯನ್ನೂ ಪೆಟ್ಟಿಗೆಗೆ ಇಳಿಸಿದಳು. ಒಂದು ಹುಳ ಹೆಬ್ಬೆರಳಿಗೆ ಕಚ್ಚಿತು. ಅಮ್ಮ ತುಟಿ ಕಚ್ಚಿಕೊಂಡಳು, ಕೈ ಮಾತ್ರ ಅಲುಗಲಿಲ್ಲ.

ಅಮ್ಮ ಪೆಟ್ಟಿಗೆಯನ್ನು ನೆಲಕ್ಕಿಟ್ಟು ಕಾದಳು. ಗಾಳಿಯಲ್ಲಿದ್ದ ಹುಳಗಳು ಪೆಟ್ಟಿಗೆಯ ಬಾಗಿಲಲ್ಲಿ ಇಳಿದು, ಸಾಲುಗಟ್ಟಿ ಒಳಗೆ ನಡೆದವು.

“ಸೂಪರ್!” ತಿಲೆನ್‌ಗೇ ಗೊತ್ತಿಲ್ಲದಂತೆ ಅವನ ಬಾಯಿಂದ ಮಾತು ಹೊರಟಿತು.

ಬ್ರಿನಾ ಹೊರಗೆ ಓಡಿದಳು. ಅಮ್ಮ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟು, ಉಗುರಿನಿಂದ ಹುಳದ ಮುಳ್ಳು ಕೆರೆದು ತೆಗೆಯುತ್ತಿದ್ದಳು. ಹೆಬ್ಬೆರಳು ಕೆಂಪಗೆ ಊದಿತ್ತು.

“ಈಗ ಮನೆಗಾ ಅಮ್ಮಾ?”

“ಎಲ್ಲಿ ಮನೆ? ಇವನ್ನ ಹೊಳೆಯಾಚೆ ಇಟ್ಟು ವಾರ್ಡಿಗೆ ಓಡ್ಬೇಕು. ಇಬ್ರಿಗೆ ಇಂಜೆಕ್ಷನ್ ಕೊಡೋದಿದೆ.”

“ಮತ್ತೆ ಊಟ?”

“ಊಟದ ಬಿಡುವಲ್ಲೇ ಅಲ್ವಾ ಪುಟ್ಟಿ ಇಲ್ಲಿಗೆ ಬಂದಿದ್ದು?” ಅಮ್ಮ ನಕ್ಕಳು.

ಬ್ರಿನಾ ತರಗತಿಗೆ ಓಡಿ ಬ್ಯಾಗಿನಿಂದ ತನ್ನ ಚೀಸ್ ಬನ್ ತಂದು, ಕಾರಿನ ಕಿಟಕಿಯಿಂದ ಅಮ್ಮನ ಮಡಿಲಲ್ಲಿಟ್ಟಳು.

ಅಮ್ಮ ಬೇಡ ಅನ್ನಲಿಲ್ಲ. ದೊಡ್ಡದೊಂದು ತುಂಡು ಕಚ್ಚಿಕೊಂಡು, ಊದಿದ ಕೈಯಲ್ಲೇ ಗೇರ್ ಹಾಕಿದಳು. ಕಾರು ಸೇತುವೆ ದಾಟುವವರೆಗೂ ಬ್ರಿನಾ ಗೇಟಿನ ಬಳಿ ನಿಂತೇ ಇದ್ದಳು.