ಹದಿನಾಲ್ಕು ಬೇವಿನ ಸಸಿಗಳು

2011ರ ಡಿಸೆಂಬರ್ 12, ಸೋಮವಾರ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಎಂಜಿನಿಯರ್ ಯಶ ಠಾಣೆಯ ಮೆಟ್ಟಿಲೇರಿದ. ರಬಕವಿ ಪೇಟೆಯಿಂದ ಹೊಳೆಯವರೆಗೆ ಹೊಸ ಉದ್ಯಾನ ಮಾಡುತ್ತಿದ್ದ ಕಂಪನಿಯವನು. ಗುರುವಾರ ನೆಟ್ಟ ಹದಿನಾಲ್ಕು ಬೇವಿನ ಸಸಿಗಳು ಭಾನುವಾರ ರಜೆಯ ದಿನ ಕಳುವಾಗಿವೆ, ಉದ್ಘಾಟನೆಗೆ ಉಳಿದದ್ದು ಹತ್ತೇ ದಿನ ಎಂಬುದು ದೂರು.

"ಯಾರ ಮ್ಯಾಲೆ ಸಂಶಯ?" ಪಿಎಸ್‌ಐ ಧನಶ್ರೀ ಚೌಗಲಾ ಕೇಳಿದರು.

"ನೂಲಿನ ಅಂಗಡಿ ಅನಂತಪ್ಪನ ಮ್ಯಾಲ್ರಿ. ದಾರಿ ಬಿಡಿಸಾಕ ಅವರ ಗೋದಾಮ ಕೆಡವೀವಿ. 'ನಿಮ್ಮ ಗಿಡ ಹೆಂಗ ಬೆಳೀತಾವ ನೋಡ್ತೇನಿ' ಅಂದಿದ್ರು."

ಐಪಿಸಿ 379ರ ಅಡಿ ಎಫ್‌ಐಆರ್ ಆಯಿತು. ಬರೆದವನು ಹವಾಲ್ದಾರ ಮಹಾಲಿಂಗ, ರಬಕವಿಯವನೇ, ನೇಕಾರರ ಮನೆಯಲ್ಲಿ ಬೆಳೆದವನು.

ಆ ಉದ್ಯಾನವನ್ನು ಹೊಗಳದೆ ಮುಂದೆ ಹೋಗುವಂತಿಲ್ಲ. ಹೊಳೆ ಪೇಟೆಯ ಬೆನ್ನಿಗೇ ಇತ್ತು. ಆದರೆ ನಡುವೆ ಗೋದಾಮು, ಗೋಡೆ, ಕಸದ ಗುಡ್ಡೆ. ಹೊಳೆದಂಡೆಯ ಊರಲ್ಲಿ ಹುಟ್ಟಿ ಹೊಳೆಯನ್ನೇ ಕಾಣದೆ ಒಂದು ತಲೆಮಾರು ದೊಡ್ಡದಾಗಿತ್ತು. ಈಗ ಗೋಡೆ ಬಿದ್ದು, ಸೀರೆ ಅಂಗಡಿಯ ಕಟ್ಟೆಯ ಮೇಲೆ ಕೂತರೆ ಕೃಷ್ಣೆಯ ನೀರು ಕಾಣುತ್ತಿತ್ತು. ಯಾರು ಯೋಚಿಸಿದರೋ, ಅವರ ಹೊಟ್ಟೆ ತಣ್ಣಗಿರಲಿ.

ಹನ್ನೊಂದು ಕಾಲಿಗೆ ಸ್ಥಳ ಪಂಚನಾಮೆ. ಪೇಟೆಯಿಂದ ಇಳಿಯುವ ದಾರಿಯ ನಟ್ಟನಡುವೆ ಹದಿನಾಲ್ಕು ಕುಣಿಗಳ ಗುರುತು. ಕಿತ್ತವರು ಮಣ್ಣು ಮುಚ್ಚಿ, ತುಳಿದು, ನೆಲ ಸಮ ಮಾಡಿದ್ದರು. ಕಳ್ಳರಿಗೆ ಇಷ್ಟು ಅಚ್ಚುಕಟ್ಟುತನ ಎಲ್ಲಿಂದ ಬರಬೇಕು? ಅಳತೆ ಪಟ್ಟಿ ಹಿಡಿದು ಬಗ್ಗಿದ ಮಹಾಲಿಂಗನಿಗೆ ಮಣ್ಣಿನಲ್ಲಿ ಗಂಜಿ ಕುಡಿದ ಒಂದು ನೂಲಿನ ತುಂಡು ಸಿಕ್ಕಿತು. ನಡುವೆ ನೇಕಾರರ ಗಂಟು. ಅದರ ಸುತ್ತು ಎಡಕ್ಕೆ ತಿರುಗಿತ್ತು.

ಆ ಗಂಟಿನ ಗುರುತು ಅವನಿಗೆ ಸಿಕ್ಕಿತು. ಓಣಿಯಲ್ಲಿ ಎಡಗೈಯಿಂದ ಗಂಟು ಹಾಕುವವಳು ಒಬ್ಬಳೇ, ಅವನ ದೊಡ್ಡವ್ವ ರುಕ್ಮವ್ವ. ಅವ್ವ ಸತ್ತ ಮೇಲೆ ಅವನಿಗೆ ಉಣ್ಣಿಸಿ, ಸಾಲಿ ಕಲಿಸಿ, ಖಾಕಿ ತೊಡುವಂತೆ ಮಾಡಿದವಳು. ನೂಲು ಕಿಸೆ ಸೇರಿತು. ಪಂಚನಾಮೆಯಲ್ಲಿ 'ಬೇರೆ ಯಾವುದೇ ಕುರುಹು ಕಂಡುಬಂದಿಲ್ಲ' ಎಂದು ಬರೆದ. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಅವನು ಬರೆದ ಮೊದಲ ಸುಳ್ಳು ಅದು.

ಆ ದಿನವೂ ಮರುದಿನವೂ ಶೋಧ ನಡೆಯಿತು. ಸಸಿ ಮಾರುವವರ ಅಂಗಳ, ಹಿಪ್ಪರಗಿಯ ಕಬ್ಬಿನ ಹೊಲಗಳ ಬದು, ಬನಹಟ್ಟಿ ದಾರಿಯ ಟ್ರ್ಯಾಕ್ಟರ್‌ಗಳು, ಯಾವುದನ್ನೂ ಬಿಡಲಿಲ್ಲ. ಮಂಗಳವಾರ ಸಂಜೆ ನಾಲ್ಕಕ್ಕೆ ಅನಂತಪ್ಪನನ್ನು ಕರೆಸಿದರು.

"ಭಾನುವಾರ ಎಲ್ಲಿದ್ರಿ?"

"ಮನ್ಯಾಗ್ರಿ."

"ಸಾಕ್ಷಿ?"

"ನನ್ನ ಹೆಂಡ್ತಿ."

"ಗಿಡದ ಮಾತು ಅಂದಿದ್ದು ಖರೆ ಏನು?"

"ಖರೇರಿ. ಸಿಟ್ಟಿನ್ಯಾಗ ಅಂದೆ. ಈಗ ದಿನಾ ಸಂಜಿಕ ಆ ಹೊಳಿ ಗಾಳಿಗೇ ಕೂಡ್ತೇನಿ. ನಾ ಯಾಕ ಕೀಳಲ್ರಿ?"

ಅವನನ್ನು ಹೊರಗೆ ಕೂರಿಸಿ ಧನಶ್ರೀ ಹೇಳಿದರು, "ನಾಳೆ ದಸ್ತಗಿರಿ ಮಾಡೂಣು. ಕಾಗದ ತಯಾರ ಮಾಡು."

ಮಹಾಲಿಂಗನದು ಬಿಸಿ ತುಪ್ಪ ಬಾಯಿಗಿಟ್ಟುಕೊಂಡ ಸ್ಥಿತಿ, ಉಗುಳುವಂತಿಲ್ಲ, ನುಂಗುವಂತಿಲ್ಲ. ಕಾಗದ ತರಲು ಎದ್ದವನು ತಿರುಗಿ ಬಂದು ನೂಲನ್ನು ಮೇಜಿನ ಮೇಲಿಟ್ಟ.

"ಎಲ್ಲಿತ್ತು ಇದು?"

"ನನ್ನ ಕಿಸೇದಾಗ್ರಿ. ನಿನ್ನಿಯಿಂದ. ನಮ್ಮ ದೊಡ್ಡವ್ವನ ಗಂಟ್ರಿ ಅದು."

ಧನಶ್ರೀ ನೂಲನ್ನು ಲಕೋಟೆಗೆ ಹಾಕಿದರು. "ನಿನಗ ಮೆಮೊ ಕೊಡಬೇಕಾಗ್ತದ."

"ಕೊಡ್ರಿ."

"ಸಸಿ ಎಲ್ಲಿ ಅದಾವ?"

"ಆಕಿ ಗಿಡ ಒಣಗಾಕ ಬಿಡಾಕಿ ಅಲ್ರಿ. ಊರ ತುಂಬ ಹುಡಿಕೀವಿ ಮೇಡಂ. ಕೆಳಗ ಹೊಳಿ ದಂಡಿಗಿ ಯಾರರ ಹೋಗೀವೇನ್ರಿ?"

ಯಾರೂ ಹೋಗಿರಲಿಲ್ಲ, ದಂಡೆಯ ತಗ್ಗು ಮೇಲಿನಿಂದ ಕಾಣುತ್ತಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ! ಅನಂತಪ್ಪನನ್ನು ಆಗಲೇ ಮನೆಗೆ ಕಳಿಸಿದರು.

ಬುಧವಾರ, ಸೂರ್ಯ ಹುಟ್ಟಿದ ಮೇಲೆ, ಏಳು ಗಂಟೆಗೆ ಧನಶ್ರೀ ಮತ್ತು ಮಹಾಲಿಂಗ ಇಳಿದು ಹೋದರು. ನೀರಿನಂಚಿಗೆ ಹದಿನಾಲ್ಕು ಸಸಿಗಳು ಸಾಲಾಗಿ ನಿಂತಿದ್ದವು. ಬುಡಕ್ಕೆ ಪಾತಿ, ಪಾತಿಯಲ್ಲಿ ನೀರು. ಒಂದೂ ಬಾಡಿರಲಿಲ್ಲ.

ಮೇಲೆ, ಖಾಲಿಯಾದ ದಾರಿಯಲ್ಲಿ, ಎರಡು ಗೂಟಗಳ ನಡುವೆ ಕೆಂಪು ಹಾಸು ಬಿಗಿದು ನಿಂತಿತ್ತು. ಮಗ್ಗಕ್ಕೆ ಏರುವ ಮುಂಚೆ ಸೀರೆಯ ಉದ್ದದ ಎಳೆಗಳನ್ನು ಹೀಗೆ ಚಾಚಿ ಗಂಜಿ ಹಚ್ಚಬೇಕು. ಅರವತ್ತು ದಾಟಿದ ರುಕ್ಮವ್ವ ಎಡಗೈಯಲ್ಲಿ ಕುಂಚ ಹಿಡಿದು ನಡೆಯುತ್ತಿದ್ದಳು. ಸಾವಿರಾರು ಎಳೆಗಳಲ್ಲಿ ಒಂದು ಹರಿದರೂ ಅವಳ ಬೆರಳು ಅಲ್ಲೇ ನಿಂತು, ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಂಟು ಹಾಕಿ ಮುಂದೆ ಹೋಗುತ್ತಿತ್ತು. ಧನಶ್ರೀ ಬಂದ ಕೆಲಸವನ್ನೇ ಮರೆತು ನೋಡಿದರು. ಎಂಥ ಕೈ!

"ಕರೀಲೇನ್ರಿ?" ಮಹಾಲಿಂಗ ಕೇಳಿದ.

"ಗಂಜಿ ಆರಲಿ. ಹಸಿ ಹಾಸು ಬಿಟ್ಟು ಬಂದ್ರ ಕೆಡ್ತದ."

ಎಂಟು ಇಪ್ಪತ್ತಕ್ಕೆ ಹಾಸು ಆರಿತು. ಧನಶ್ರೀ ಹತ್ತಿರ ಹೋದರು.

"ಯವ್ವಾ, ಗಿಡ ಕಿತ್ತಾಕಿ ನೀನ ಏನು?"

"ನಾನ. ಭಾನುವಾರ ಕೆಲಸದವರು ಇರಲಿಲ್ಲ."

"ಯಾರನ್ನ ಕೇಳಿ ಕಿತ್ತಿ?"

"ಆ ಎಂಜಿನಿಯರ್‌ಗ ಎರಡ ಸಲ ಹೇಳೀನಿ. ನಡುವ ಬ್ಯಾಡಪ್ಪಾ, ದಂಡಿಗಿ ಹಚ್ಚು ಅಂತ. ನಕಾಶೆದಾಗ ನಿನ್ನ ಹಾಸು ಇಲ್ಲ ಅಂದ. ಇಷ್ಟ ನೆಟ್ಟಗಿನ ಜಾಗ ಊರಾಗ ಬ್ಯಾರೆ ಎಲ್ಲೈತಿ?"

"ಈ ಉದ್ಯಾನ ಬ್ಯಾಡಾಗಿತ್ತ ನಿನಗ?"

"ಯಾಕ ಬ್ಯಾಡ? ಗ್ವಾಡಿ ಹಿಂದ ಹಾಸು ಚಾಚಕೋತ ಮೂವತ್ತು ವರ್ಷ ಈ ಹೊಳಿ ಗಾಳಿ ನಾ ಒಬ್ಬಾಕಿ ಉಂಡೇನಿ. ಈಗ ಪ್ಯಾಟಿ ಮಂದೀನೂ ಉಣ್ಣಲಿ."

ದಸ್ತಗಿರಿ ಸಮಯ ಎಂಟು ಮೂವತ್ತೈದು. ಠಾಣೆಯಲ್ಲಿ ಹೇಳಿಕೆ ಬರೆಯಲು ಮಹಾಲಿಂಗನೇ ಕೂತ.

"ನನ್ನ ಹೆಸರ ಯಾರ ಹೇಳಿದ್ರು?" ರುಕ್ಮವ್ವ ಕೇಳಿದಳು.

ಅವನು ತಲೆ ಎತ್ತಲಿಲ್ಲ. "ನಾನ, ದೊಡ್ಡವ್ವಾ."

ಅವಳ ಎಡಗೈ ಅವನ ಬೆನ್ನ ಮೇಲೆ ಬಿತ್ತು. "ಹರದ ಎಳಿ ಮುಚ್ಚಿಟ್ಟಿದ್ರ ಕಪಾಳಕ್ಕ ಕೊಡ್ತಿದ್ದೆ. ಬರಿ, ನೆಟ್ಟಗ ಬರಿ." ಅವನ ಕಣ್ಣು ತುಂಬಿ ಅಕ್ಷರ ಮಂಜಾಯಿತು.

ಅದೇ ದಿನ ನ್ಯಾಯಾಲಯದಲ್ಲಿ ಜಾಮೀನು ಸಿಕ್ಕಿತು. ಜಾಮೀನಿಗೆ ನಿಂತವನು ಅನಂತಪ್ಪ. ಮಹಾಲಿಂಗನಿಗೆ ಮೆಮೊ ಬಂತು. ತಪ್ಪೊಪ್ಪಿ ಸಹಿ ಹಾಕಿದ. ತನಿಖಾ ವರದಿಯಲ್ಲಿ ಆರೋಪಿಯ ಉದ್ದೇಶ ಎಂಬಲ್ಲಿ ಅವನು ಬರೆದದ್ದು ಇಷ್ಟೇ: 'ಹಾಸು ಚಾಚಲು ನಲವತ್ತು ಮೊಳ ನೇರ ಜಾಗ. ಗಿಡಗಳ ಮೇಲೆ ದ್ವೇಷವಿಲ್ಲ.'

ಆ ಸಂಜೆ ಕಳುವಿನ ಗಿಡ ನೋಡಲು ಪೇಟೆಗೆ ಪೇಟೆಯೇ ಇಳಿದು ಬಂತು. ಹುಟ್ಟಿದಾಗಿನಿಂದ ಹೊಳೆ ಮುಟ್ಟದವರು ಚಪ್ಪಲಿ ಕಳಚಿ ನೀರಿಗೆ ಕಾಲಿಟ್ಟರು. ಯಶ ಎಲ್ಲರ ಹಿಂದೆ ನಿಂತು ಹದಿನಾಲ್ಕನ್ನೂ ಎಣಿಸಿದ. ಆಮೇಲೆ ನಕಾಶೆ ಬಿಚ್ಚಿ, ದಾರಿಯ ನಡುವಿನ ಹದಿನಾಲ್ಕು ಗುರುತು ಹೊಡೆದುಹಾಕಿ, ನೀರಿನಂಚಿಗೆ ಬರೆದುಕೊಂಡ.