ಹಳದಿ ಚೀಲದಲ್ಲಿ ಗ್ಲೌಸು

ಅವರು ನನ್ನ ಜೊತೆ ಆಡಿದ ಮೊದಲ ಮಾತೇ ಜಗಳದ್ದು. “ಸಿಸ್ಟರ್, ಹಳದಿ ಚೀಲದಲ್ಲಿ ಗ್ಲೌಸ್ ಹಾಕಿದ್ದು ಯಾರು?”

ನಾನೇ. ಅವತ್ತು ನಿಜಕ್ಕೂ ಕೈತಪ್ಪಿತ್ತು. ಆದರೆ ವಾರ್ಡಿನ ಅಷ್ಟೂ ಜನರ ಎದುರು ಹಾಗೆ ಕೇಳಿದರೆ ಯಾರಿಗೆ ಮೈ ಉರಿಯುವುದಿಲ್ಲ ಹೇಳಿ? ಕಿವಿ ಮಂದವಾಗಿದ್ದ ಮೂರನೇ ಮಂಚದ ಅಜ್ಜ ಬೇರೆ “ಯಾರು? ಯಾರಂತೆ?” ಎಂದು ಎದ್ದು ಕೂತರು.

ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಕಸದ ಸೂಪರ್‌ವೈಸರ್ ಅವರು. ಚೀಲಗಳಿಗೆ ಗಂಟು ಹಾಕುವ ಮೊದಲು ಒಂದೊಂದನ್ನೂ ಇಣುಕಿ ನೋಡುವುದು, ತಪ್ಪು ಕಂಡರೆ ಚೀಟಿ ಬರೆದು ಕೊಡುವುದು ಅವರ ಕೆಲಸ. ಒಂದು ದಿನವೂ ನಕ್ಕಿದ್ದನ್ನು ಕಂಡವರಿಲ್ಲ. ನರ್ಸುಗಳೆಲ್ಲ ಸೇರಿ ಅವರಿಗೆ ಗಂಟುಮುಖ ಎಂದು ಹೆಸರಿಟ್ಟಿದ್ದೆವು.

“ರಕ್ತದ ಹತ್ತಿ, ಬ್ಯಾಂಡೇಜ್ ಹಳದಿಗೆ. ಅದು ಸುಡೋಕೆ ಹೋಗುತ್ತೆ. ಗ್ಲೌಸ್, ಟ್ಯೂಬ್ ಕೆಂಪಿಗೆ. ಅದೂ ಹಳದಿಗೆ ಬಿದ್ರೆ ಸುಡುವಾಗ ಕೆಟ್ಟ ಹೊಗೆ ಬರುತ್ತೆ ಸಿಸ್ಟರ್. ಸೂಜಿ ಬಿಳಿ ಡಬ್ಬಿಗೆ. ಮತ್ತೆ, ಯಾವುದನ್ನೂ ನಲವತ್ತೆಂಟು ಗಂಟೆ ಮೀರಿ ಇಟ್ಕೊಂಡಿರಬಾರದು.”

“ಪಾಠ ಮುಗೀತಾ ಮೇಷ್ಟ್ರೇ?”

ಮುಖ ಗಂಟಾಗಿಯೇ ಇತ್ತು, ಕಿವಿ ಮಾತ್ರ ಕೆಂಪಗಾಯಿತು. ಅಯ್ಯೋ, ನಾನು ಕೆಟ್ಟಿದ್ದು ಅಲ್ಲೇ.

ಮರುದಿನ ನಮ್ಮಲ್ಲಿ ಒಂದೂ ತಪ್ಪಿರಲಿಲ್ಲ. ಅವರು ಚೀಲ ನೋಡಿದರು, ಗಂಟು ಹಾಕಿದರು, ಹೊರಟೇಬಿಟ್ಟರು. ನನ್ನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಎಂಥ ಕೊಬ್ಬು!

ಅದರ ಮಾರನೆಯ ದಿನ ಪ್ಯಾಕೆಟ್ಟಿನಿಂದ ಒಂದು ಗ್ಲೌಸು ತೆಗೆದು, ಹಳದಿ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ, ಚೆನ್ನಾಗಿ ಕಣ್ಣಿಗೆ ಬೀಳುವ ಹಾಗೆ ಇಟ್ಟೆ.

ಹತ್ತು ನಿಮಿಷದ ಪಾಠ ಸಿಕ್ಕಿತು. ನಡುವೆ ಎರಡು ಸಲ ನನ್ನ ಮುಖ ನೋಡಿದರು. ಮೂರನೆಯ ಸಲ ನೋಡಿದವರು “ಸೂಜಿ ಕೆಂಪಿಗೆ” ಎಂದುಬಿಟ್ಟರು.

“ಬಿಳಿ ಡಬ್ಬಿಗೆ,” ಎಂದು ನಾನೇ ತಿದ್ದಿದೆ.

ಆಮೇಲೆ ವಾರಕ್ಕೆ ಎರಡು ಚೀಟಿ, ಮೂರು ಚೀಟಿ. ಮನೆಯಲ್ಲಿ ಅಕ್ಕ ರೇಗಿಸತೊಡಗಿದಳು. “ಊಟಕ್ಕೆ ಕೂತ್ರೂ ಕೆಂಪು ಚೀಲ, ಹಳದಿ ಚೀಲ. ನಿನಗೆ ಆಸೆ ಚೀಲದ ಮೇಲೋ, ಚೀಲ ಕಟ್ಟೋರ ಮೇಲೋ?”

“ಸುಮ್ನಿರೇ,” ಎಂದೆ. ಅವಳು ಸುಮ್ಮನಿರುವ ಪೈಕಿಯಲ್ಲ.

ತಿಂಗಳ ಕೊನೆಗೆ ನನ್ನ ಗ್ರಹಚಾರ ನೋಟಿಸ್ ಬೋರ್ಡಿನಲ್ಲಿ ಬಂದು ಕೂತಿತು. ಅತಿ ಹೆಚ್ಚು ತಪ್ಪು ಮಾಡಿದ ವಾರ್ಡು ನಮ್ಮದು. ನಮ್ಮೆಲ್ಲರ ಮೇಲಿನ ದೊಡ್ಡ ಸಿಸ್ಟರ್ ನನ್ನನ್ನು ಕರೆಸಿದರು.

“ಹನ್ನೊಂದು ಚೀಟಿ. ಹನ್ನೊಂದೂ ನಿನ್ನವೇ. ಎಂಟು ವರ್ಷ ಸರ್ವಿಸ್ ಆಗಿದೆ, ನಾಚಿಕೆ ಆಗಲ್ವೇನೇ? ಇನ್ನೊಂದು ಚೀಟಿ ಬರಲಿ, ಊರಾಚೆ ಬ್ರಾಂಚಿಗೆ ಕಳಿಸಿಬಿಡ್ತೀನಿ.”

ಈಗ ನೀವೇ ಹೇಳಿ. ತಪ್ಪು ಮಾಡಿದರೆ ನಾನು ಹೋಗಬೇಕು, ಮಾಡದಿದ್ದರೆ ಅವರು ನಿಲ್ಲುವುದಿಲ್ಲ.

ಐದು ದಿನ ಹಲ್ಲು ಕಚ್ಚಿಕೊಂಡು ಸರಿಯಾಗಿ ಕೆಲಸ ಮಾಡಿದೆ. ಐದು ದಿನವೂ ಅವರು “ಸರಿ ಇದೆ” ಎಂದಷ್ಟೇ ಹೇಳಿ ಗಾಡಿ ತಳ್ಳಿಸಿಕೊಂಡು ಹೋದರು. ಐದನೆಯ ದಿನ ಆ ಗಾಡಿಯ ಚಕ್ರದ ಸದ್ದು ದೂರವಾಗುತ್ತಿದ್ದಂತೆ ನನಗೆ ಅಳುವೇ ಬಂತು. ಇವರಿಲ್ಲದೆ ಆಗುವುದಿಲ್ಲ ಎಂದು ಅವತ್ತು ಗೊತ್ತಾಯಿತು.

ಆರನೆಯ ದಿನ ಅವರು ಕೈಯಲ್ಲಿ ಚೀಟಿ ಹಿಡಿದೇ ಬಂದರು.

“ಇದು ಅನ್ಯಾಯ!” ನಾನು ಕೂಗಿಯೇಬಿಟ್ಟೆ. “ಪ್ರತಿ ಚೀಲಾನೂ ಎರಡೆರಡು ಸಲ ನೋಡಿದ್ದೀನಿ. ಈ ಸಲ ನಾನು ಮಾಡಿಲ್ಲ!”

“ಈ ಸಲ?”

ನಾಲಿಗೆ ಕಚ್ಚಿಕೊಂಡೆ.

“ಗೊತ್ತು ಸಿಸ್ಟರ್. ಹಾಕ್ಕೊಂಡ ಗ್ಲೌಸ್ ಬಿಚ್ಚಿದ್ರೆ ಒಳಗಡೆದು ಹೊರಗೆ ಬರುತ್ತೆ. ಮೊದಲನೇದು ಬಿಟ್ರೆ ನಿಮ್ಮದು ಒಂದೂ ಹಾಗಿರಲಿಲ್ಲ. ಎಲ್ಲಾ ಹೊಚ್ಚಹೊಸದು.”

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. “ಗೊತ್ತಿದ್ದೂ ಚೀಟಿ ಯಾಕೆ ಬರೆದ್ರಿ?”

“ಬರೀದಿದ್ರೆ ಇಲ್ಲಿ ಬಂದು ನಿಲ್ಲೋಕೆ ನನಗೇನು ನೆಪ ಇತ್ತು?” ಕಿವಿಗಳು ಮತ್ತೆ ಕೆಂಪೇರಿದ್ದವು.

ಚೀಟಿ ಚಾಚಿದರು. ನನ್ನ ಕೈ ತಲುಪುವ ಮೊದಲೇ ಹಿಂದಿನಿಂದ ಇನ್ನೊಂದು ಕೈ ಅದನ್ನು ಕಿತ್ತುಕೊಂಡಿತು. ದೊಡ್ಡ ಸಿಸ್ಟರ್! ಕನ್ನಡಕ ಏರಿಸಿ ಗಟ್ಟಿಯಾಗಿಯೇ ಓದಿದರು. “ಚೀಲದ ಬಣ್ಣ, ಇಲ್ಲ. ತಪ್ಪು ಮಾಡಿದವರು, ಸೂಪರ್‌ವೈಸರ್. ಏನು ತಪ್ಪು? ಐದು ದಿನದಿಂದ ಒಂದು ಮಾತು ಮನಸ್ಸಿನಲ್ಲೇ ಇಟ್ಟುಕೊಂಡಿದ್ದಾನೆ.”



“ಅವರನ್ನ ಕಳಿಸ್ಬೇಡಿ ಮೇಡಂ,” ಎಂದರು ಅವರು. “ಕಳಿಸೋದಾದ್ರೆ ನನ್ನನ್ನ ಕಳಿಸಿ.”

“ನಿಮ್ಮನ್ನ ಕಳಿಸಿದ್ರೆ ಇವಳು ಅಲ್ಲಿಗೂ ಬಂದು ಗ್ಲೌಸ್ ಹಾಳು ಮಾಡ್ತಾಳೆ.” ದೊಡ್ಡ ಸಿಸ್ಟರ್ ಚೀಟಿ ಮಡಚಿದರು. “ಯಾವುದನ್ನೂ ನಲವತ್ತೆಂಟು ಗಂಟೆ ಮೀರಿ ಇಟ್ಕೋಬಾರದು ಅಂತ ಆಸ್ಪತ್ರೆಗೆಲ್ಲಾ ಪಾಠ ಹೇಳೋರು ನೀವು. ಐದು ದಿನ ಇಟ್ಕೊಂಡಿದ್ದೀರಲ್ರೀ! ಈಗಲೇ ಹೇಳಿ.”

ಅವರು ನನ್ನ ಕಡೆ ತಿರುಗಿದರು. “ಸಿಸ್ಟರ್, ನೀವಂದ್ರೆ ನನಗೆ ತುಂಬಾ ಇಷ್ಟ. ನನ್ನನ್ನ ಮದುವೆ ಆಗ್ತೀರಾ?”

ವಾರ್ಡಿನ ಅಷ್ಟೂ ಜನರ ಎದುರು ಕೇಳಿದರು. ಈ ಸಲ ಮೈ ಉರಿಯಲಿಲ್ಲ.

“ಏನಂತೆ? ಏನಂತೆ?” ಮೂರನೇ ಮಂಚದ ಅಜ್ಜ ಎದ್ದು ಕೂತರು.

“ಆಗ್ತೀನಿ!” ಎಂದೆ, ಅಜ್ಜನಿಗೂ ಕೇಳಿಸುವಷ್ಟು ಗಟ್ಟಿಯಾಗಿ. ಗಂಟುಮುಖ ಬಾಯ್ತುಂಬ ನಕ್ಕರು.