ಐವತ್ತೆರಡು ಅಕ್ಷರಗಳ ಬಿರುದು

ಏಳು ಬೆಟ್ಟಗಳ ಆಚೆ, ಈಗ ಯಾರಿಗೂ ದಾರಿ ಗೊತ್ತಿಲ್ಲದ ಕೊಂಗಳನಾಡನ್ನು ಬಹಳ ಹಿಂದೆ ಸಿಂಗರಸನೆಂಬ ದೊರೆ ಆಳುತ್ತಿದ್ದ. ಆಳುವುದಕ್ಕಿಂತ ಹೊಗಳಿಸಿಕೊಳ್ಳುವುದೇ ಅವನಿಗೆ ದೊಡ್ಡ ಕೆಲಸ. ಇದನ್ನು ಕಂಡ ಕರಾಳಜಂಘನೆಂಬ ಮಾಂತ್ರಿಕ ಪದಕ್ಕೆ ಪದ ಬೆಸೆದು, ಐವತ್ತೆರಡು ಅಕ್ಷರಗಳ ಒಂದೇ ಬಿರುದು ಕಟ್ಟಿ, ಕಪ್ಪು ಬಂಡೆಯ ಮೇಲೆ ಬರೆದು ಸಭೆಯಲ್ಲಿ ನಿಲ್ಲಿಸಿದ. ಪ್ರತಿ ವರ್ಷ ಪಟ್ಟಾಭಿಷೇಕದ ದಿನ ಹೊಗಳುಭಟ ಅದನ್ನು ಒಂದೇ ಉಸಿರಿನಲ್ಲಿ ಹೇಳಬೇಕು. ಉಸಿರು ಸಾಲದಿದ್ದರೆ ನಿಂತಲ್ಲೇ ಕಲ್ಲಾಗುತ್ತಾನೆ.

ಹಾಗೆ ಹೊಗಳುಭಟರ ಮನೆಯ ಮೂವರು ಅಣ್ಣತಮ್ಮಂದಿರು ಕಲ್ಲಾದರು. ಈ ಸಲ ಅವರ ಕೊನೆಯ ತಮ್ಮ ಬೊಮ್ಮಯ್ಯನ ಸರದಿ. ಅವನಿಗೋ ಉಬ್ಬಸ.

ಬೊಮ್ಮಯ್ಯನ ಮಗಳು ಜಕ್ಕವ್ವೆ ಕಲ್ಲಿನಲ್ಲಿ ಶಾಸನ ಕೆತ್ತುವವಳು. ಕಲ್ಲು ಕಿರಿದಾಗಿ ಪದ ಉದ್ದವಾದರೆ, ಕೆತ್ತುವವರು ಅಂಗೈ ತಟ್ಟುತ್ತ ಅಕ್ಷರ ಎಣಿಸಿ, ಪದಗಳು ಕೂಡಿದ ಕಡೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಸಾಲು ಮುರಿಯುವುದಿದ್ದರೆ ಅಲ್ಲೇ. ಪದದ ನಡುವೆ ಮುರಿದವರಿಗೆ ಆ ಕಸುಬಿನಲ್ಲಿ ಮರ್ಯಾದೆ ಇರಲಿಲ್ಲ.

“ಅಪ್ಪಾ, ಆ ಬಿರುದಿನಲ್ಲಿ ಹದಿನೇಳು ಬೆಸುಗೆ ಇವೆ. ಬೆಸುಗೆಗೊಂದು ಸಲ ಉಸಿರು ತಗೋ, ಸಾಲದೆ ಹೋಗುವುದಿಲ್ಲ” ಎಂದಳು.

“ನಮ್ಮ ವಂಶದಲ್ಲಿ ನಡುವೆ ಉಸಿರು ತಗೊಂಡವರಿಲ್ಲ.”

“ಅದಕ್ಕೇ ವಂಶದಲ್ಲಿ ಯಾರೂ ಉಳಿದಿಲ್ಲ!”

ಬೊಮ್ಮಯ್ಯ ಮುಖ ತಿರುಗಿಸಿದ. ಜಕ್ಕವ್ವೆ ಉಳಿ ಸುತ್ತಿಗೆ ಎತ್ತಿಕೊಂಡು ಮಾಂತ್ರಿಕನ ಗವಿಗೇ ಹೋದಳು.

ಕರಾಳಜಂಘ ನಕ್ಕ. “ಮೂರು ಬಂಡೆ ಬಿಡಿಸು, ಹುಡುಗಿ. ಎರಡು ಇಲ್ಲಿವೆ, ಮೂರನೆಯದು ಸಭೆಯಲ್ಲಿದೆ. ಬೆಸುಗೆಗೆ ಉಳಿ ಬಿದ್ದರೆ ಕಲ್ಲು ಬಿಡುತ್ತದೆ. ಪದದ ನಡುವೆ ಬಿದ್ದರೆ ನಿನ್ನ ಮೈಯ ಒಂದು ತುಂಡು ನನಗೆ. ಮೂರೂ ಬಿಟ್ಟರೆ ನಾನೂ ಇಲ್ಲ, ನನ್ನ ಮಾಟವೂ ಇಲ್ಲ.”

ಮೊದಲ ಬಂಡೆಯನ್ನು ಬೆಂಕಿಗೂದಲಿನ ಸಿಂಹ ಕಾಯುತ್ತಿತ್ತು. ಬಂಡೆಯ ಮೇಲೆ ‘ಗಿರಿಶಿಖರಸರೋವರತೀರಮಂಟಪ’ ಎಂದಿತ್ತು. ಜಕ್ಕವ್ವೆ ಹದಿನಾಲ್ಕು ಸಲ ಅಂಗೈ ತಟ್ಟಿ, ನಾಲ್ಕು ಏಟು ಹಾಕಿದಳು. ಗಿರಿ, ಶಿಖರ, ಸರೋವರ, ತೀರ, ಮಂಟಪ ಐದು ತುಂಡಾಗಿ ಬಿದ್ದವು. ಸಿಂಹ ಬೂದಿಯಾಯಿತು.

ಎರಡನೆಯದನ್ನು ಎರಡು ತಲೆಯ ಹಾವು ಸುತ್ತಿಕೊಂಡಿತ್ತು. ಅದು ಬುಸುಗುಟ್ಟಿದಾಗ ಜಕ್ಕವ್ವೆಯ ಉಳಿ ಜಾರಿತು, ಏಟು ಪದದ ನಡುವೆ ಬಿತ್ತು, ಕಿರುಬೆರಳು ಹೋಯಿತು. ಅಳುತ್ತಲೇ ಉಳಿದ ಬೆಸುಗೆಗಳನ್ನು ಬಿಡಿಸಿದಳು. ಹಾವು ಹಗ್ಗವಾಗಿ ಬಿತ್ತು.

ಅವಳು ಸಭೆಗೆ ಓಡಿ ಬಂದಾಗ ಬೊಮ್ಮಯ್ಯ ಆಗಲೇ ಶುರು ಮಾಡಿದ್ದ. ತುಟಿ ನೀಲಿಗಟ್ಟಿತ್ತು, ಮೊಣಕಾಲಿನವರೆಗೆ ಕಲ್ಲಾಗಿತ್ತು. ಅವನು ಮಗಳನ್ನು ಕಂಡು ಬೇಡವೆಂದು ತಲೆಯಾಡಿಸಿದ. ಅವಳು ಲೆಕ್ಕಿಸದೆ ಕಪ್ಪು ಬಂಡೆಗೆ ಉಳಿ ಇಟ್ಟಳು. ಶೂರ ಬಿತ್ತು, ಧೀರ ಬಿತ್ತು, ಭುವನ ಬಿತ್ತು, ವಿಜಯ ಬಿತ್ತು. ಒಂದೊಂದು ಬಿದ್ದಾಗಲೂ ಮುದುಕನೊಳಗೆ ಒಂದೊಂದು ಉಸಿರು ತುಂಬಿತು. ಹದಿನೇಳನೆಯ ಏಟಿಗೆ ಕರಾಳಜಂಘ ಮರಳಾಗಿ ಸುರಿದುಹೋದ. ಮೂವರು ದೊಡ್ಡಪ್ಪಂದಿರು ಕಲ್ಲು ಕೊಡವಿಕೊಂಡು ನೀರು ಕೇಳಿದರು. ದೊರೆ ಬಗ್ಗಿ ತುಂಡುಗಳನ್ನೆಲ್ಲ ತಿರುವಿ ನೋಡಿದ. ಒಂದರಲ್ಲೂ ಅವನ ಹೆಸರಿರಲಿಲ್ಲ.

ಆಮೇಲೆ ಕೊಂಗಳನಾಡಿನವರೆಲ್ಲ ಸುಖವಾಗಿ ಬಾಳಿದರು, ಅದು ಸುಳ್ಳಲ್ಲ. ಬೊಮ್ಮಯ್ಯ ಕೂಡ ಇನ್ನೂ ಇಪ್ಪತ್ತು ವರ್ಷ ಬದುಕಿದ. ನಾಲ್ಕು ಬೆರಳಿನ ಕೈಯಲ್ಲಿ ಮಗಳು ಬಡಿಸಿದ್ದನ್ನು ಉಂಡ, ಆದರೆ ಅವಳ ಜೊತೆ ಒಂದು ಮಾತೂ ಆಡಲಿಲ್ಲ. ಬದುಕಿಸಿದ್ದನ್ನು ಅವನು ಕ್ಷಮಿಸಲೇ ಇಲ್ಲ. ಮನೆಗೆ ಯಾರಾದರೂ ಬಂದರೆ ಮಾತ್ರ, ಒಳಗಿದ್ದ ಅವಳಿಗೆ ಕೇಳುವ ಹಾಗೆ ಹೇಳುತ್ತಿದ್ದ:

“ಹೇಳಿ ಮುಗಿಸುತ್ತಿದ್ದೆ. ಇವಳು ಬಿಡಲಿಲ್ಲ.”